ಹಳೇ ತೇಗದ ಮೇಜಿಗೆ ಮನೆಯಲ್ಲೇ ಪಾಲಿಶ್: ಉಜ್ಜುವ ಮೊದಲು ಸ್ಪಿರಿಟ್ ಹಚ್ಚಿ ನೋಡಿ

ಕೇಳಿದ್ದು: ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಓದುವ ಮೇಜು ತಂದಿದ್ದೇನೆ. ತೇಗ ಅಂದರು. ಮೇಲೆಲ್ಲ ಕಪ್ಪಗೆ, ಅಂಟಂಟು. ಲೋಟ ಇಟ್ಟ ಬಿಳಿ ಉಂಗುರಗಳಿವೆ, ಮೊಳೆಗಳ ಸುತ್ತ ಕಪ್ಪು ಕಲೆ ಇದೆ. ನಮ್ಮದು ಬೆಂಗಳೂರಲ್ಲಿ ಫ್ಲ್ಯಾಟ್, ಜಾಗ ಅಂದ್ರೆ ಬಾಲ್ಕನಿ ಮಾತ್ರ. ಪೂರ್ತಿ ಉಜ್ಜಿ ತೆಗೆಯಬೇಕಾ? ಮಾಡಿ ಗೊತ್ತಿರುವವರು ಹೇಳಿ.

ಮೈಸೂರಿನಿಂದ: ದಯವಿಟ್ಟು ಮೊದಲೇ ಉಪ್ಪು ಕಾಗದ ಹಿಡಿಯಬೇಡಿ. ನಾನು ಹಾಗೆ ಮಾಡಿ ಒಂದು ಟೀಪಾಯಿ ಹಾಳು ಮಾಡಿದ್ದೇನೆ. ಬಾಡಿಗೆಗೆ ಮೆಷಿನ್ ತಂದು ಉಜ್ಜಿದೆ. ಹತ್ತು ನಿಮಿಷಕ್ಕೆ ಕೆಳಗಿನ ಪ್ಲೈವುಡ್ ಕಾಣಿಸಿತು. ಮೇಲಿದ್ದದ್ದು ಕಾಗದದಷ್ಟು ತೆಳುವಾದ ತೇಗದ ವೆನೀರ್. ಅದನ್ನು ವಾಪಸ್ ತರೋಕಾಗಲಿಲ್ಲ. ಇವತ್ತಿಗೂ ಬೇಸರ ಇದೆ. ಅದಕ್ಕೇ ಹೇಳ್ತೀನಿ, ಡ್ರಾಯರ್ ಹೊರಗೆಳೆದು ಮೇಲ್ಹಲಗೆಯ ಅಡಿ ನೋಡಿ, ಅಂಚನ್ನೂ ನೋಡಿ. ಮೇಲಿನ ಎಳೆ, ಅಂದರೆ ಮರದ ಗೆರೆ, ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ. ಅಂಚಿಗೆ ಬೇರೆ ಪಟ್ಟಿ ಹೊಡೆದಿದ್ದರೆ ಅನುಮಾನ ಪಡಿ.

ಆಮೇಲೆ ಈಗಿರುವ ಪಾಲಿಶ್ ಯಾವುದು ಅಂತ ತಿಳ್ಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಸ್ಪಿರಿಟ್ ಸಿಗುತ್ತೆ. ಹತ್ತಿಗೆ ಹಾಕಿ, ಕಾಲಿನ ಒಳಬದಿಗೆ ಎರಡು ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಚಪಡಾ, ಅಂದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಏನೂ ಆಗದಿದ್ದರೆ ಪಿಯು, ಅಂದರೆ ಪಾಲಿಯುರೆಥೇನ್ ತರಹದ್ದು, ಅದನ್ನು ಮಾತ್ರ ಉಜ್ಜಿ ಇಲ್ಲವೇ ಪೇಂಟ್ ರಿಮೂವರ್ ಹಚ್ಚಿ ತೆಗೆಯಬೇಕು. ಬಿಳಿ ಉಂಗುರ ಅಂತಿದ್ದೀರಿ, ಚಪಡಾನೇ ಇರಬಹುದು. ಅದಕ್ಕೆ ಬಿಸಿನೂ ಆಗಲ್ಲ, ನೀರೂ ಆಗಲ್ಲ.

ಚಪಡಾ ಆಗಿದ್ದರೆ ನಿಮ್ಮ ಅರ್ಧ ಕೆಲಸ ಕಮ್ಮಿ. ಎಷ್ಟು ವರ್ಷ ಆದರೂ ಅದು ಸ್ಪಿರಿಟ್‌ನಲ್ಲಿ ಕರಗುತ್ತೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಸ್ಪಿರಿಟ್‌ನಲ್ಲಿ ಅದ್ದಿ, ಒಂದೊಂದು ಅಡಿ ಜಾಗ ಎಳೆಯ ಗುಂಟ ತಿಕ್ಕಿ, ಆರುವ ಮುಂಚೆ ಹಳೇ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ನಾರು ಬೇಡ, ಅದರ ಚೂರು ತೇಗದಲ್ಲಿ ಉಳಿದರೆ ಆಮೇಲೆ ಕಪ್ಪಾಗುತ್ತೆ. ನನ್ನ ಮೇಜಿನಿಂದ ಕಪ್ಪು ಕೆಸರಿನ ಹಾಗೆ ಎದ್ದು ಬಂತು. ಮೂರನೇ ಸಲ ಒರೆಸುವಾಗ ಜೇನಿನ ಬಣ್ಣದ ಎಳೆ ಕಂಡಿತು. ಬಲಗಡೆ ಮೂಲೆಯಲ್ಲಿ ಯಾವುದೋ ಮಗು ಕೈವಾರದ ಮೊನೆಯಿಂದ ಏಳರ ಮಗ್ಗಿ ಕೊರೆದಿತ್ತು, ಏಳಾರ್ಲಿ ನಲವತ್ತೆರಡರ ತನಕ. ಅದನ್ನು ಉಜ್ಜಲಿಲ್ಲ, ಹಾಗೇ ಬಿಟ್ಟೆ.

ಮೊಳೆ ಸುತ್ತಲಿನ ಕಪ್ಪು ಕೊಳೆ ಅಲ್ಲ. ಮರದ ಒಗರು, ಕಬ್ಬಿಣ, ನೀರು ಸೇರಿ ಆದದ್ದು. ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಹಚ್ಚಿದರೆ ತಿಳಿಯಾಗುತ್ತೆ. ಅದು ವಿಷ, ಗ್ಲೌಸ್ ಹಾಕಿ. ಎರಡು ಮೂರು ಸಲ ನೀರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೇ ಮುಂದಿನ ಕೆಲಸ.

ಈಗ ಉಪ್ಪು ಕಾಗದ. 180 ನಂಬರಿನದು, ನಂತರ ಇನ್ನೂ ನಯವಾದ 220, ಕೈಯಲ್ಲೇ, ಹಗುರವಾಗಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತೆ.

1 ಲೀಟರ್ ಸ್ಪಿರಿಟ್‌ಗೆ 200ರಿಂದ 250 ಗ್ರಾಂ ಚಪಡಾ ಹಾಕಿ ರಾತ್ರಿಯಿಡೀ ಬಿಟ್ಟು ಸೋಸಿ. ಗಾಜಿನ ಬಾಟಲಿಯೇ ಆಗಲಿ, ಕಬ್ಬಿಣದ ಡಬ್ಬಿಯಲ್ಲಿ ಬಣ್ಣ ಕೆಡುತ್ತೆ. ಹತ್ತಿಯನ್ನು ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಉಂಡೆ ಮಾಡಿ, ತೆಳ್ಳಗೆ ಎಳೆಯಿರಿ. ಹೋದ ಜಾಗಕ್ಕೇ ತಕ್ಷಣ ವಾಪಸ್ ಹೋಗಬೇಡಿ, ಕಿತ್ತು ಬರುತ್ತೆ. ನಾನು ಎಂಟು ಕೋಟ್ ಕೊಟ್ಟೆ. ಮೇಜಿನ ಮೇಲೆ ಬಿಸಿ ಕಾಫಿ ಇಡೋ ಅಭ್ಯಾಸ ಇದ್ದರೆ ಮೇಲ್ಹಲಗೆಗೆ ಪಿಯು ಒಳ್ಳೇದು. ಆದರೆ ಮಾಮೂಲಿ ಚಪಡಾದಲ್ಲಿ ಮೇಣ ಇರುತ್ತೆ, ಅದರ ಮೇಲೆ ಪಿಯು ಸರಿಯಾಗಿ ಹಿಡಿಯಲ್ಲ. ಯಾವುದಾದರೂ ಒಂದನ್ನೇ ಆರಿಸಿಕೊಳ್ಳಿ.

ಉಡುಪಿಯಿಂದ: ಮಳೆಗಾಲದಲ್ಲಿ ಮಾತ್ರ ಬೇಡ. ಜುಲೈನಲ್ಲಿ ನಾನು ಕುರ್ಚಿಗೆ ಚಪಡಾ ಎಳೆದೆ, ಗಾಳಿಯ ತೇವಕ್ಕೆ ಮಂಜು ಕವಿದ ಹಾಗೆ ಬಿಳಿಚಿಕೊಂಡಿತು. ಬಿಸಿಲು ಬಂದ ಮೇಲೆ ಸ್ಪಿರಿಟ್ ಉಂಡೆ ಹಗುರವಾಗಿ ಆಡಿಸಿದಾಗ ಸರಿಹೋಯಿತು. ಇನ್ನೊಂದು, ಮೇಜಿನ ಕಾಲಿನ ಕೆಳಗೆ ಒಂದು ರಾತ್ರಿ ಕಪ್ಪು ಕಾಗದ ಹಾಸಿ. ಬೆಳಿಗ್ಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಇನ್ನೂ ಜೀವಂತ ಇದೆ. ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಅದು ಸಾಮಾನ್ಯವಾಗಿ ತಾಗಲ್ಲ, ಹೊರಗಿನ ಬಿಳಿ ಭಾಗಕ್ಕೆ ಬೀಳುತ್ತೆ. ತೂತುಗಳಿಗೆ ಸಿರಿಂಜಿನಲ್ಲಿ ಮದ್ದು ಬಿಟ್ಟು, ಒಣಗಿಸಿ, ಆಮೇಲೆ ಪಾಲಿಶ್.

ಧಾರವಾಡದಿಂದ: ಪಾಲಿಶ್ ಬದಲು ಹಳೇ ಪೇಂಟ್ ಇರುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನೋ ನಿಯಮ ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಪೇಂಟನ್ನು ಒಣ ಉಜ್ಜಬೇಡ್ರಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಬೇಡವೇ ಬೇಡ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನೂ ಮುದ್ದೆ ಮಾಡಿ ಎಸೆಯಬೇಡ್ರಿ, ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿರಿ.

ಮೈಸೂರಿನಿಂದ: ಬೆಂಕಿ ಅಂದಾಗ ನೆನಪಾಯಿತು. ಸ್ಪಿರಿಟ್ ಬಾಲ್ಕನಿಯಲ್ಲೇ ಬಳಸಿ, ದೇವರ ದೀಪ, ಒಲೆ ಹತ್ತಿರ ಇರಬಾರದು. ಮಾಸ್ಕ್ ಹಾಕಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಂಚು ನೋಡಿದೆ, ಎಳೆ ಮುಂದುವರಿದಿದೆ. ಕಾಲಿನ ಒಳಗೆ ಸ್ಪಿರಿಟ್ ಒತ್ತಿದೆ, ಹತ್ತಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ರಾತ್ರಿ ಕಪ್ಪು ಕಾಗದ ಹಾಸಿಡ್ತೀನಿ.