ಓರಾಯನ್ ನೆಬ್ಯುಲಾ: ಹಳೆಯ ಡೇಟಾ ಮತ್ತೆ ಪ್ರೊಸೆಸ್ ಮಾಡುವುದು ಹೇಗೆ?

ಕಡಲಂಚು_ಕಾರವಾರ:
ಎಂ42 (ಓರಾಯನ್ ನೆಬ್ಯುಲಾ), 200 ಎಂಎಂ ಲೆನ್ಸ್, ಮಾರ್ಪಡಿಸದ ಡಿಎಸ್‌ಎಲ್‌ಆರ್, ಟ್ರ್ಯಾಕರ್ (ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಾಧನ) ಮೇಲೆ 60 ಸೆಕೆಂಡಿನ 90 ಫ್ರೇಮ್. ಡಾರ್ಕ್, ಬಯಾಸ್ (ಸೆನ್ಸರ್ ದೋಷ ಕಳೆಯಲು ಲೆನ್ಸ್ ಮುಚ್ಚಿ ತೆಗೆದ ಫ್ರೇಮ್) ಇವೆ, ಫ್ಲ್ಯಾಟ್ (ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಫ್ರೇಮ್) ಇಲ್ಲ. ಸ್ಟ್ರೆಚ್ ಮಾಡಿದರೆ (ಮಸುಕು ಭಾಗ ಕಾಣುವಂತೆ ಬೆಳಗಿಸಿದರೆ) ಬಂದರಿನ ದಿಕ್ಕಿನ ಮೂಲೆ ಕಿತ್ತಳೆ, ನಡುವಿನ ಟ್ರೆಪೀಜಿಯಂ ನಕ್ಷತ್ರಗುಂಪು ಬರೀ ಬಿಳಿ. ಸಿರಿಲ್ ಸಾಫ್ಟ್‌ವೇರ್‌ನಲ್ಲಿ ಸರಿಯಾಗುತ್ತದೆಯೇ?

ಶಿರಸಿ_ಬಾನು:
ಕಿತ್ತಳೆ ಹೋಗುತ್ತದೆ, ಆದರೆ ಕ್ರಮ ತಪ್ಪಬಾರದು. 32 ಬಿಟ್ ಫಿಟ್ಸ್ ಕಡತದ ಸ್ಟ್ಯಾಕ್‌ನಿಂದಲೇ (ಎಲ್ಲ ಫ್ರೇಮ್ ಸೇರಿಸಿದ ಚಿತ್ರ) ಶುರು ಮಾಡಿ. ಮೊದಲು ಅಂಚು ಕ್ರಾಪ್. ಹರಕು ಅಂಚು ಉಳಿದರೆ ಗ್ರೇಡಿಯಂಟ್ (ಹಿನ್ನೆಲೆ ಬೆಳಕಿನ ಏರಿಳಿತ) ಲೆಕ್ಕ ಕೆಡುತ್ತದೆ. ನಂತರ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ (ಆ ಹಿನ್ನೆಲೆ ಬೆಳಕನ್ನು ಕಳೆಯುವುದು). ನೆಬ್ಯುಲಾ ಮತ್ತು ಪಕ್ಕದ ರನ್ನಿಂಗ್ ಮ್ಯಾನ್ ನೆಬ್ಯುಲಾ ಮೇಲೆ ಬಿದ್ದ ಸ್ಯಾಂಪಲ್ ಚುಕ್ಕೆಗಳನ್ನು ಕೈಯಾರೆ ಅಳಿಸಿ, ಇಲ್ಲವಾದರೆ ಸುತ್ತಲಿನ ಮಸುಕು ಧೂಳನ್ನೂ ಊರಿನ ಬೆಳಕೆಂದು ಕಳೆದುಬಿಡುತ್ತದೆ. ಆಮೇಲೆ ಬಣ್ಣದ ಕ್ಯಾಲಿಬ್ರೇಶನ್. ಇಷ್ಟೂ ಲೀನಿಯರ್ (ಇನ್ನೂ ಸ್ಟ್ರೆಚ್ ಮಾಡದ) ಸ್ಥಿತಿಯಲ್ಲೇ ಆಗಬೇಕು. ಸ್ಟ್ರೆಚ್ ಕೊನೆಗೆ, ಎರಡು ಮೂರು ಹಂತದಲ್ಲಿ.

ಕುಮಟಾ_ಲೆನ್ಸ್:
ನಡುಭಾಗದ ವಿಷಯ ಬೇರೆ. ಒಂದು ರಾ (ಕ್ಯಾಮೆರಾದ ಮೂಲ) ಫ್ರೇಮ್ ತೆರೆದು ನೋಡಿ: ಟ್ರೆಪೀಜಿಯಂ ಸುತ್ತ ಪಿಕ್ಸೆಲ್‌ಗಳೆಲ್ಲ ಒಂದೇ ಗರಿಷ್ಠ ಬೆಲೆಯಲ್ಲಿ ನಿಂತಿದ್ದರೆ ಅಲ್ಲಿ ವಿವರವೇ ದಾಖಲಾಗಿಲ್ಲ, ಯಾವ ಸ್ಲೈಡರೂ ತರಲಾರದು. ಅದೇ ಲೆನ್ಸ್‌ನಲ್ಲಿ 5 ಸೆಕೆಂಡಿನ 30 ಫ್ರೇಮ್ ಹೊಸದಾಗಿ ತೆಗೆದು, ಹಳೆಯ ಸ್ಟ್ಯಾಕ್‌ಗೆ ಅಲೈನ್ ಮಾಡಿ, ಅಂಚು ಮೃದುಗೊಳಿಸಿದ ಮಾಸ್ಕ್‌ನಿಂದ ಸೇರಿಸಿ.

ಕರಾವಳಿಯ ತೇವಕ್ಕೆ ಇಬ್ಬನಿ ಕೂತು ನಕ್ಷತ್ರ ಊದಿದ ಫ್ರೇಮ್‌ಗಳಿದ್ದರೆ ಬಿಟ್ಟು ಮತ್ತೆ ಸ್ಟ್ಯಾಕ್ ಮಾಡಿ.

ಕಡಲಂಚು_ಕಾರವಾರ:
ಗರಿಷ್ಠಕ್ಕೇ ತಾಗಿದೆ. ಫ್ಲ್ಯಾಟ್ ಈಗ ತೆಗೆದರೆ ನಡೆಯುತ್ತದೆಯೇ?

ಶಿರಸಿ_ಬಾನು:
ಅದೇ ಅಪರ್ಚರ್, ಅದೇ ಫೋಕಸ್ ಇಟ್ಟರೆ ಲೆನ್ಸ್‌ನಿಂದ ಮೂಲೆಗಳಲ್ಲಿ ಮೂಡುವ ಕಪ್ಪು ಸರಿಹೋಗುತ್ತದೆ. ಸೆನ್ಸರ್ ಧೂಳು ಅಷ್ಟರಲ್ಲಿ ಜಾಗ ಬದಲಿಸಿರಬಹುದು. ಹೊಸ ಕಲೆ ಮೂಡಿದರೆ ಆ ಫ್ಲ್ಯಾಟ್ ಬಳಸಬೇಡಿ.