ಪಂಪಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ: ಇಂಜಿನಿಯರಣ್ಣನಿಗೆ ಗುಂಪಿನಲ್ಲಿ ಕೇಳಿದ ಪ್ರಶ್ನೆಗಳು (ಕೇಳಿದವರ ಹೆಸರಿನ ಬದಲು ಅವರ ಊರು ಇದೆ)

ಪೆರ್ಲ: ಅಣ್ಣಾ ನಮಸ್ಕಾರ. ತೋಟದ ಮೋಟರ್ ಬೆಳಿಗ್ಗೆ ಸರಿಯಾಗಿ ಓಡುತ್ತದೆ. ಸಂಜೆ ಸ್ಟಾರ್ಟ್ ಆಗದೆ ಸುಮ್ನೆ ಗುಂಯ್ ಅನ್ನುತ್ತದೆ.

ಇಂಜಿನಿಯರ್: ನಮಸ್ಕಾರ. ಬೆಳಿಗ್ಗೆ ಓಡುವುದಾದರೆ ಮೋಟರ್ ಬಹುಶಃ ಸರಿಯೇ ಇದೆ, ವೋಲ್ಟೇಜ್ ಸಾಲುತ್ತಿಲ್ಲ. 230 ಇರಬೇಕಾದಲ್ಲಿ 160 ಬಂದರೆ ತಿರುಗಿಸುವ ಬಲ ಅರ್ಧಕ್ಕಿಂತ ಕಡಿಮೆ. ಗುಂಯ್ ಅಂದ ಕೂಡಲೇ ಆಫ್ ಮಾಡಿ. ತಿರುಗದೆ ನಿಂತ ಮೋಟರ್ ಜಾಸ್ತಿ ಕರೆಂಟ್ ಎಳೆದು ವೈಂಡಿಂಗ್, ಅಂದರೆ ಒಳಗಿನ ತಂತಿಸುರುಳಿ, ಸುಟ್ಟುಕೊಳ್ಳುತ್ತದೆ.

ಕುಂಬಳೆ: ರೈಲಿಗೆ ಮೇಲೆ ಒಂದೇ ತಂತಿ ಇದೆಯಲ್ಲ ಸರ್, ಕರೆಂಟ್ ವಾಪಸ್ ಹೋಗುವುದು ಹೇಗೆ?

ಇಂಜಿನಿಯರ್: ಹಳಿಯ ಮೂಲಕ. ಮೇಲಿನ ತಂತಿಯಲ್ಲಿ 25,000 ವೋಲ್ಟ್. ಹಳಿ ಪಕ್ಕ ತೆಂಗು ಇರುವವರು ಅಲ್ಯೂಮಿನಿಯಂ ದೋಟಿ ಎತ್ತಲೇಬೇಡಿ. ತಾಗಬೇಕೆಂದೇ ಇಲ್ಲ, ತೀರಾ ಹತ್ತಿರ ಹೋದರೂ ಕರೆಂಟ್ ಹಾರುತ್ತದೆ.

ಬದಿಯಡ್ಕ: ಬಾವಿಕಟ್ಟೆಯ ಪಂಪ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು ಅಣ್ಣಾ. ಫಾರ್ವರ್ಡ್ ಬಂದ ವಿಡಿಯೋ ನೋಡಿ ನನ್ನ ತಮ್ಮ ಪಂಪಿನ ಅರ್ತ್ ವಯರನ್ನು (ನೆಲಕ್ಕೆ ಹೋಗುವುದು) ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ತಂತಿ) ಜೋಡಿಸಿದ. ಈಗ ಜುಮ್ಮೆನ್ನುವುದು ನಿಂತಿದೆ. ಹಾಗೇ ಬಿಡಬಹುದಾ?

ಇಂಜಿನಿಯರ್: ಬೇಡ ಅಕ್ಕಾ. ಮೊದಲು ಮೈನ್ ಸ್ವಿಚ್ ಇಳಿಸಿ, ಆಮೇಲೆ ಇದನ್ನು ಓದಿ. ಸೋರಿಕೆ ನಿಂತಿಲ್ಲ, ಪಂಪಿನ ಮೈಗೆ ಸೋರಿದ ಕರೆಂಟ್ ನ್ಯೂಟ್ರಲ್ ಹಿಡಿದು ವಾಪಸ್ ಹೋಗುತ್ತಿದೆ, ಅಷ್ಟೇ. ನಾಳೆ ಗಾಳಿಮಳೆಗೆ ಕೊಂಬೆ ಬಿದ್ದು ಕಂಬದ ನ್ಯೂಟ್ರಲ್ ತುಂಡಾಯಿತು ಅಂತ ಇಟ್ಟುಕೊಳ್ಳಿ. ಮನೆಯ ಫ್ರಿಜ್ಜು, ಬಲ್ಬು ಎಲ್ಲದರಿಂದ ಹೊರಟ ಕರೆಂಟಿಗೆ ಹೋಗಲು ದಾರಿ ಇಲ್ಲ, ಆ ವಯರಿನಲ್ಲಿ ಬಂದು ಪಂಪಿನ ಮೈಯಲ್ಲಿ ನಿಲ್ಲುತ್ತದೆ. ಪಂಪ್ ಆಫ್ ಇದ್ದರೂ ಬರಬಹುದು. ಒದ್ದೆ ಕಾಲಲ್ಲಿ ನೀರು ಸೇದಲು ಹೋದವರು ಮುಟ್ಟಿದರೆ ಅವರ ಮೈಯೇ ದಾರಿ. ಇಂಥ ವಿಡಿಯೋ ಕಳಿಸುವವರು ಒಂದು ಸಲ ಯೋಚನೆ ಮಾಡಬೇಡವಾ? ವಯರ್‌ಮ್ಯಾನ್ ಕರೆಸಿ ಆ ಜೋಡಣೆ ಬಿಚ್ಚಿಸಿ. ಮೆಗ್ಗರ್ (ಸೋರಿಕೆ ಪರೀಕ್ಷಿಸುವ ಮೀಟರ್) ಇಟ್ಟು ವೈಂಡಿಂಗ್ ನೋಡಲಿ, ಕೇಬಲ್ ಜಾಯಿಂಟ್ ಕೂಡ. ಸರಿಯಾದ ಅರ್ತ್, ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ. ಅದು ಪದೇ ಪದೇ ಬಿದ್ದರೆ ಕಿತ್ತು ಹಾಕಬೇಡಿ, ಸೋರಿಕೆ ಇರುವುದಕ್ಕೇ ಅದು ಬೀಳುವುದು.

ಮಂಜೇಶ್ವರ: ಶಾಲೆಯಲ್ಲಿ ಮಕ್ಕಳು ಕೇಳಿದರು, ಹಗುರ ಅನಿಲ ತುಂಬಿ ಹಾರಿಸುವ ವಾಯುನೌಕೆಗಳು ಯಾಕೆ ಮೂಲೆಗೆ ಬಿದ್ದವು?

ಉಪ್ಪಳ: 1937ರಲ್ಲಿ ಜರ್ಮನಿಯ ವಾಯುನೌಕೆ ಹಿಂಡೆನ್‌ಬರ್ಗ್ ಸುಟ್ಟು 36 ಜನ ಸತ್ತರಲ್ಲ ಮಾಷ್ಟ್ರೇ. ಒಳಗೆ ಹೈಡ್ರೋಜನ್ ಇತ್ತು.

ನೀರ್ಚಾಲು: ಹೈಡ್ರೋಜನ್ ಅಲ್ಲ, ಹೊರಬಟ್ಟೆಯ ಬಣ್ಣಕ್ಕೆ ಬೆಂಕಿ ಹಿಡಿದದ್ದು.

ಉಪ್ಪಳ: ಬರೀ ಬಣ್ಣ ಉರಿದರೆ 245 ಮೀಟರ್ ಉದ್ದದ ನೌಕೆ ಅರ್ಧ ನಿಮಿಷದಲ್ಲಿ ಮುಗಿಯುತ್ತದಾ?

ನೀರ್ಚಾಲು: ನಾನು ಓದಿದ್ದನ್ನು ಹೇಳಿದೆ. ನಿಮಗೆ ಯಾರು ಏನು ಹೇಳಿದರೂ ಎದುರುತ್ತರ.

ಉಪ್ಪಳ: ಮಕ್ಕಳಿಗೆ ಹೇಳುವ ವಿಷಯ ಇದು, ತಪ್ಪು ಹೋಗಬಾರದು.

ಇಂಜಿನಿಯರ್: ಉರಿದು ಮುಗಿಸಿದ್ದು ಹೈಡ್ರೋಜನ್. ಉರಿಯದ ಹೀಲಿಯಂ ತುಂಬಿದರೂ ಒಂದು ಘನ ಮೀಟರ್ ಎತ್ತುವುದು ಸುಮಾರು ಒಂದು ಕಿಲೋ. 20 ಟನ್ನಿಗೆ 20,000 ಘನ ಮೀಟರ್ ಬೇಕು. ಅಷ್ಟು ದೊಡ್ಡದನ್ನು ಗಾಳಿ ಸುಮ್ನೆ ಬಿಡುವುದಿಲ್ಲ. ಜಗಳ ಸಾಕು.

ಮುಳ್ಳೇರಿಯ: ಅಡಿಕೆಗೆ ಮದ್ದು ಬಿಡಲು ಹೀಲಿಯಂ ಬಲೂನ್ ಆಗುತ್ತದಾ?

ಸೀತಾಂಗೋಳಿ: ನಮ್ಮ ಮೋಟರೂ ಸಂಜೆ ಗುಂಯ್ ಅನ್ನುತ್ತದೆ.

ಇಂಜಿನಿಯರ್: ಮೇಲೆ ಓದಿ.

ಪೆರ್ಲ: ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಕಂಡೆನ್ಸರ್ ಡಬಲ್ ಹಾಕಿದರೆ ಎಳೆಯುತ್ತದೆ ಅಂತ ಫಾರ್ವರ್ಡ್ ಬಂದಿದೆ ಅಣ್ಣಾ.

ಇಂಜಿನಿಯರ್: ಹಾಕಬೇಡಿ. ಮೋಟರಿನ ಪ್ಲೇಟಿನಲ್ಲಿ ಬರೆದ ಅಳತೆಯದ್ದೇ ಇರಲಿ. ಫಾರ್ವರ್ಡ್ ನಂಬುವುದಾದರೆ ನನ್ನನ್ನು ಕೇಳಬೇಡಿ.

ಮುಳ್ಳೇರಿಯ: ಬಲೂನ್ ವಿಷಯ?

ಇಂಜಿನಿಯರ್: ಬದಿಯಡ್ಕದ ಅಕ್ಕಾ, ಮೈನ್ ಇಳಿಸಿದಿರಾ? ಒಂದು ಗಂಟೆಯಾಯಿತು, ಉತ್ತರ ಇಲ್ಲ. ಇವರ ಮನೆ ಹತ್ತಿರ ಯಾರಾದರೂ ಇದ್ದರೆ ದಯವಿಟ್ಟು ಹೋಗಿ ಹೇಳಿ.