ಸಿ ಪ್ರೋಗ್ರಾಂ ಎಸ್‌ಕ್ಯೂಲೈಟ್ ಜೊತೆ ಲಿಂಕ್ ಆಗುತ್ತಿಲ್ಲ

ಪ್ರಶ್ನೆ (ದಾವಣಗೆರೆ):
ಎಪಿಎಂಸಿಯಲ್ಲಿ ಅಪ್ಪನ ದಲಾಲಿ ಅಂಗಡಿ ಇದೆ. ಮೆಕ್ಕೆಜೋಳ ತರುವ ರೈತರ ಲೆಕ್ಕ ಇಡಲು ಉಬುಂಟುವಿನಲ್ಲಿ ಸಿ ಪ್ರೋಗ್ರಾಂ ಬರೆದಿದ್ದೇನೆ. ಮಾಹಿತಿ ಇಡಲು ಬೇಕಾದ ಡೇಟಾಬೇಸ್ ಲೈಬ್ರರಿ (ಸಿದ್ಧ ಕೋಡ್) ಎಸ್‌ಕ್ಯೂಲೈಟ್ 3ರ ಸೋರ್ಸ್ ತಂದು ನಾನೇ ಇನ್‌ಸ್ಟಾಲ್ ಮಾಡಿದೆ. ಅದನ್ನು ನನ್ನ ಪ್ರೋಗ್ರಾಂ ಜೊತೆ ಜೋಡಿಸುವಾಗ, ಅಂದರೆ ಲಿಂಕ್ ಮಾಡುವಾಗ, ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಫಂಕ್ಷನ್ ಸಿಗಲಿಲ್ಲ) ಎಂಬ ಎರರ್ ಬರುತ್ತಿದೆ. ಎರಡು ರಾತ್ರಿ ಇದರಲ್ಲೇ ಹೋಯಿತು.

ಉತ್ತರ (ಚಿತ್ರದುರ್ಗ):
ಕಂಪೈಲ್ ಕಮಾಂಡಿನಲ್ಲಿ ಲೈಬ್ರರಿ ಹೆಸರನ್ನು ಸಿ ಫೈಲಿಗಿಂತ ಮೊದಲೇ ಬರೆದಿದ್ದೀರಿ, ಅಲ್ವಾ? ಅದನ್ನು ಕೊನೆಗೆ ಹಾಕಿ. ಜೋಡಿಸುವ ಕೆಲಸ ಮಾಡುವ ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಅಲ್ಲಿಯವರೆಗೆ ಯಾರೂ ಕೇಳದ ಲೈಬ್ರರಿಯನ್ನು ಬಿಟ್ಟು ಮುಂದೆ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಲಿಂಕ್ ಆಯಿತು ಸರ್! ಆದರೆ ಓಡಿಸಿದರೆ ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ ಅನ್ನುತ್ತದೆ.

ಉತ್ತರ:
ಲೈಬ್ರರಿಗಳ ಪಟ್ಟಿಯನ್ನು ಹೊಸದು ಮಾಡುವ ‘ಸುಡೋ ಎಲ್‌ಡಿಕಾನ್ಫಿಗ್’ ಕಮಾಂಡ್ ಒಮ್ಮೆ ಕೊಡಿ. ಪ್ರೋಗ್ರಾಂ ಓಡುವಾಗ ಲೈಬ್ರರಿ ಹುಡುಕಿ ತರುವ ಲೋಡರ್ ತನ್ನ ಹಳೇ ಪಟ್ಟಿ ನೋಡುತ್ತಿದೆ, ಹೊಸ ಲೈಬ್ರರಿ ಅದರಲ್ಲಿ ಸೇರಿಲ್ಲ. ಆಮೇಲೆ ನಿಮ್ಮ ಪ್ರೋಗ್ರಾಂ ಮೇಲೆ ಎಲ್‌ಡಿಡಿ (ಬೇಕಾದ ಲೈಬ್ರರಿಗಳನ್ನು ತೋರಿಸುವ ಕಮಾಂಡ್) ಹಾಕಿ ನೋಡಿ, ಎಲ್ಲೂ ‘ನಾಟ್ ಫೌಂಡ್’ ಇರಬಾರದು.